ನಸುಕಿಗೇ ಏರಿ ಹತ್ತುತ್ತಿದ್ದ ಸೌಡಿ

ಅವರ ಜೊತೆ ನಾನು ಆಡಿದ ಮೊದಲ ಮಾತೇ ಜಗಳದ್ದು.

ಆರು ವರ್ಷದ ಹಿಂದಿನ ಮಾತು. ನಾನು ಮದ್ದೂರಿನಿಂದ ದಿನಾ ಬಸ್ಸು ಹಿಡಿದು ಶಾಲೆಗೆ ಹೋಗಿಬರುತ್ತಿದ್ದೆ. ತಡವಾಗಿ ಬಂದದ್ದಕ್ಕೆ ಹೆಡ್‌ಮಾಸ್ತರರು ಎರಡು ಸಲ ನೋಟೀಸು ಕೊಟ್ಟಿದ್ದರು. ಮೂರನೆಯದು ಬರುವ ಮೊದಲು ಶಾಲೆಯಿದ್ದ ಹಳ್ಳಿಯಲ್ಲೇ ಒಂದು ರೂಮು ಹಿಡಿದೆ. ಕೊತ್ತತ್ತಿ ಕಡೆಯ ಹಳ್ಳಿ ಅದು. ಊರಿನ ಕೊನೆಯ ಬೀದಿಯ ಕೊನೆಯ ಮನೆ. ಅದರ ಹಿಂದೆಯೇ ನಾಲೆ. ನಾಲೆಯ ಆಚೆ ದಡದಲ್ಲಿ ಎತ್ತರದ ಮಣ್ಣಿನ ಏರಿ, ಏರಿಯ ಕೆಳಗೆ ತಗ್ಗಿನಲ್ಲಿ ನಲವತ್ತು ಮನೆಗಳ ಕಾಲೊನಿ. ನನ್ನ ಕಿಟಕಿಗೆ ಎದುರಾಗಿ ಗದ್ದೆಗೆ ನೀರು ಬಿಡುವ ಕಬ್ಬಿಣದ ತೂಬು, ಪಕ್ಕದಲ್ಲಿ ನಾಲೆ ದಾಟಲು ಕಿರಿದಾದ ಸೇತುವೆ.

ಮೊದಲ ದಿನವೇ ಬೆಳಗಿನ ನಾಲ್ಕೂವರೆಗೆ ಯಾರೋ ಆ ತೂಬಿಗೆ ಗುದ್ದಲಿಯಿಂದ ಬಡಿದರು. ಟಣ್, ಟಣ್, ಟಣ್. ಮೂರೇ ಏಟು. ಬೆಚ್ಚಿ ಎದ್ದು ಕೂತೆ. ಎರಡನೆಯ ದಿನವೂ ಅದೇ, ಮೂರನೆಯ ದಿನವೂ ಅದೇ. ಆ ವರ್ಷ ಅಪ್ಪ ತೀರಿಕೊಂಡಿದ್ದರು. ಕಣ್ಣು ಮುಚ್ಚಿದರೆ ಆಸ್ಪತ್ರೆಯ ವಾರ್ಡು ಕಾಣುತ್ತಿದ್ದುದರಿಂದ ಫೋನು ನೋಡುತ್ತ ಹೊತ್ತು ಕಳೆದು ಎಷ್ಟೋ ತಡವಾಗಿ ಮಲಗುತ್ತಿದ್ದೆ. ಸಿಗುತ್ತಿದ್ದ ಅಷ್ಟಿಷ್ಟು ನಿದ್ದೆಯನ್ನೂ ಈ ಮನುಷ್ಯ ಕಸಿಯುತ್ತಿದ್ದ. ನಾಲ್ಕನೆಯ ದಿನ ಶಾಲು ಹೊದ್ದು ಹೊರಗೆ ಬಂದೆ.

ಸೇತುವೆಯ ಮೇಲೆ ನಿಂತಿದ್ದವರು ಸಣಕಲು ಆಳು. ತಲೆಗೆ ಕಿವಿ ಮುಚ್ಚುವಂತೆ ಸುತ್ತಿದ ಟವೆಲು, ಮೇಲಿನ ಗುಂಡಿಯಿಲ್ಲದ ಖಾಕಿ ಅಂಗಿ, ರಬ್ಬರ್ ಬ್ಯಾಂಡ್ ಸುತ್ತಿದ ಟಾರ್ಚು. ವಯಸ್ಸು ಅರವತ್ತರ ಹತ್ತಿರ.

"ಏನ್ರೀ ಇದು? ಜನ ಮಲಗೋದು ಬೇಡ್ವಾ? ಇದನ್ನೇ ಆರು ಗಂಟೆಗೆ ಬಡೀಬಾರದಾ?"

ಅವರು ಟಾರ್ಚನ್ನು ನನ್ನ ಮುಖಕ್ಕಲ್ಲ, ಕಾಲಿಗೆ ಬಿಟ್ಟರು. ದಾರಿಯಲ್ಲಿ ಹಾವುಹುಪ್ಪಟೆ ಇದೆಯೇ ಎಂದು ನೋಡಿದ್ದು ಅದು ಅಂತ ಆಮೇಲೆ ಗೊತ್ತಾಯಿತು.

"ಹೊಸ ಮೇಡಮ್ಮೋರಾ? ನೀವು ಮಲೀಕಳಿ ಮೇಡಮ್ಮೋರೆ. ನಾನು ಬಡಿಯಾದೇ ಮಲ್ಗಿರೋರ್ಗೆ."

ಮಲಗಿರುವವರಿಗಾಗಿ ಬಡಿಯುವುದು! ತಲೆ ಕೆಟ್ಟವನು ಅಂದುಕೊಂಡು ಒಳಗೆ ಬಂದು ಬಾಗಿಲು ದಡಾರನೆ ಹಾಕಿಕೊಂಡೆ.

ಅವರು ನಾಲೆಯ ಸೌಡಿ. ತೂಬು ತೆರೆಯುವುದು, ಮುಚ್ಚುವುದು, ಏರಿ ಕಾಯುವುದು ಅವರ ಕೆಲಸ. ಊರಿಗೆಲ್ಲ ಅವರು ಸೌಡಿಯಣ್ಣ. ಮನೆ ಏರಿಯ ಕೆಳಗಿನ ಕಾಲೊನಿಯಲ್ಲಿ. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಮಳವಳ್ಳಿಯಲ್ಲಿ ನರ್ಸು. ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ, ಎರಡರ ನಡುವೆ ಮಗಳು ನರ್ಸಿಂಗ್ ಮುಗಿಸಿದ ದಿನದ ಫೋಟೊ. ಇಷ್ಟು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಅಷ್ಟೂ ದಿನ ಮೂರು ಏಟಿಗೆ ಎಚ್ಚರವಾಗಿ, ಸಿಟ್ಟಿನಲ್ಲಿ ಸೂರು ನೋಡುತ್ತ ಬಿದ್ದಿರುತ್ತಿದ್ದೆ. ಒಂದು ದಿನ ಅದೂ ಸಾಕಾಗಿ ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

"ಎದ್ದುದ್ದೇ ಆಯ್ತಲ್ಲ ಮೇಡಮ್ಮೋರೆ, ಬನ್ನಿ, ಹಳ್ಳದ ಗೇಟ್‌ಗಂಟ ಓಗ್ಬರವ," ಅಂದರು.

ಯಾಕೆ ಹೋದೆನೋ ಗೊತ್ತಿಲ್ಲ. ಹೋದೆ.

ಅವರು ಮಾತಾಡುತ್ತ ನಡೆಯುವವರಲ್ಲ. ಹತ್ತು ಹೆಜ್ಜೆ ಇಡುತ್ತಿದ್ದರು, ನಿಲ್ಲುತ್ತಿದ್ದರು, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ಏನು ಕೇಳಿಸುತ್ತೆ ಅಂದರೆ, "ನೀರು," ಅನ್ನುತ್ತಿದ್ದರು. "ಈ ಒತ್ನಲ್ಲಿ ನೀರು ಮಾತಾಡ್ತದೆ. ಬಿಸ್ಲೇರಿದ ಮ್ಯಾಲೆ ಜನ ಮಾತಾಡಕ್ಕೆ ಸುರು ಅಚ್ಕತಾರೆ. ಆಗ ನೀರು ಯೋಳದು ಯಾರ್ಗೂ ಕೇಳಾಕಿಲ್ಲ." ಏರಿಯ ಹೊರಮೈ ಇಳಿದು ಅಂಗೈ ಒತ್ತಿ ನೋಡುತ್ತಿದ್ದರು. ಎಲ್ಲಾದರೂ ನೀರು ಜಿನುಗುತ್ತಿದ್ದರೆ ಬೊಗಸೆಯಲ್ಲಿ ಹಿಡಿದು ಟಾರ್ಚಿನ ಬೆಳಕಿಗೆ ಒಡ್ಡುತ್ತಿದ್ದರು. "ತಿಳಿಯಾಗಿ ಬಸೀತಾ ಅದೆ, ಬಸೀಲಿ. ಭಯ ಇಲ್ಲ. ಕೆಂಪುಗೆ ಬಂತು ಅನ್ನಿ, ಏರಿ ಒಳಗೊಳಗೇ ಕರಗ್ತಾ ಅದೆ ಅಂತ."

ಆ ನಡಿಗೆಯಿಂದ ನನಗೆ ಆದ ಉಪಕಾರ ದೊಡ್ಡದು. ರಾತ್ರಿ ಹತ್ತಕ್ಕೆಲ್ಲ ಕಣ್ಣು ಎಳೆಯತೊಡಗಿತು. ಆಸ್ಪತ್ರೆಯ ವಾರ್ಡು ಕಣ್ಣ ಮುಂದೆ ಬರುವುದು ಕಮ್ಮಿಯಾಯಿತು. ಐದೂವರೆಗೆ ವಾಪಸ್ಸು ಬಂದರೆ ಶಾಲೆಗೆ ಇನ್ನೂ ನಾಲ್ಕು ಗಂಟೆ ಇರುತ್ತಿತ್ತು. ಎಷ್ಟೋ ದಿನದಿಂದ ಅರ್ಧಕ್ಕೇ ಬಿಟ್ಟಿದ್ದ ಎಂ.ಎಸ್ಸಿ. ಪುಸ್ತಕಗಳನ್ನು ಹೊರಗೆ ತೆಗೆದೆ. ಹೆಡ್‌ಮಾಸ್ತರರು ಬರುವ ಮೊದಲೇ ನಾನು ಶಾಲೆಯಲ್ಲಿರುತ್ತಿದ್ದೆ. ಮೂರನೆಯ ನೋಟೀಸು ಬರಲೇ ಇಲ್ಲ.

ಒಂದು ದಿನ ತೂಬಿನ ಹತ್ತಿರ ಮೇಲಿನ ಊರಿನ ಒಬ್ಬ ಜಮೀನಿನವನು ಅವರಿಗೆ ಅಡ್ಡ ನಿಂತಿದ್ದ. ಕೈಯಲ್ಲಿ ಹಾರೆ. ಅವನ ನೀರಿನ ಸರದಿ ಗುರುವಾರ, ಆವತ್ತು ಮಂಗಳವಾರ.

"ತೂಬು ಎತ್ತುತೀಯೋ, ಬೀಗ ಒಡೀಲೋ?"

ಸೌಡಿಯಣ್ಣ ಗುದ್ದಲಿ ಕೆಳಗಿಟ್ಟು ತೂಬಿನ ಮೇಲೆ ಕೂತರು. "ಒಡಿ. ನನ್ ಕಾಲಿನ್ ಸಂದೀಲಿ ಅದೆ ಬೀಗ. ಒಡಿ."

ಆತ ಹಾರೆ ಎತ್ತಿದ. ಹಾಗೇ ಹಿಡಿದು ನಿಂತ. ಸುತ್ತ ಯಾರೂ ಇರಲಿಲ್ಲ. ಬೆಂಬಲಕ್ಕೆ ಕೂಗುವವರೂ ಇಲ್ಲ, ನೋಡಿ ಮೆಚ್ಚುವವರೂ ಇಲ್ಲ. ಒಂದಿಷ್ಟು ಹೊತ್ತಿಗೆ ಹಾರೆ ಇಳಿಸಿ, ಬೈದುಕೊಂಡು ಹೋದ.

"ಹತ್ತು ಗಂಟೆಗೆ ಬಂದಿದ್ರೆ ಒಡ್ದುಬುಡ್ತಿದ್ದ," ಅಂದರು ಅವರು. ಬೀಡಿ ಹಚ್ಚಿದರು. "ಆಗ ನಾಕು ಜನ ಸುತ್ತ ಇರ್ತಾರೆ ನೋಡಿ, ಮಾನಕ್ಕೆ ಓಯ್ತದೆ. ಈ ಒತ್ನಲ್ಲಿ ಮನ್ಸ ಒಬ್ನೇ. ಒಬ್ನೇ ಇದ್ದಾಗ ಒಸಿ ಯೋಚ್ನೆ ಮಾಡ್ತಾನೆ."

ಆ ಮೂರು ಏಟಿನ ಕತೆ ಅವರು ಹೇಳಿದ್ದೂ ಆವತ್ತೇ.

ಹರೆಯದಲ್ಲಿ ಅವರು ಕುಂಭಕರ್ಣನಂತೆ ಮಲಗುತ್ತಿದ್ದರಂತೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಎಲ್ಲೋ ಬೀಗರೂಟಕ್ಕೆ ಹೋಗಿ, ಹೊಟ್ಟೆ ಬಿರಿಯ ಉಂಡು ಬಂದು ಮಲಗಿದವರು ಬೆಳಗ್ಗೆ ಏಳಲೇ ಇಲ್ಲ. ಆರು ಗಂಟೆಗೆ ಏರಿ ಒಡೆಯಿತು. ಸಣ್ಣಮ್ಮ ಅನ್ನುವ ಒಂಟಿ ಮುದುಕಿಯ ಮನೆಯ ಗೋಡೆ ಕುಸಿಯಿತು. ಅಕ್ಕಪಕ್ಕದವರು ಅವಳನ್ನು ಎಳೆದುಕೊಂಡರು. ಕೊಟ್ಟಿಗೆಯಲ್ಲಿ ಕಟ್ಟಿದ್ದ ಎಮ್ಮೆ ಕಟ್ಟಿದಲ್ಲೇ ಮುಳುಗಿತು. ಆಕೆ ಬದುಕುತ್ತಿದ್ದುದೇ ಆ ಎಮ್ಮೆಯ ಹಾಲಿನಿಂದ.

"ಬಯ್ಯಲಿಲ್ಲ ಮೇಡಮ್ಮೋರೆ. ಒಂದ್ ಮಾತು ಬಯ್ಯಲಿಲ್ಲ. ಮಾರ್ನೆ ದಿನ ವತ್ತಾರೆ ನಾಕ್ಗಂಟೆಗೆ ಬಂದು ಬಾಗ್ಲು ತಟ್ಟುದ್ಲು. 'ಎದ್ಯಾ ಮಗ?' ಅಂದ್ಲು. 'ಎದ್ದೆ ಕಣಜ್ಜಿ' ಅಂದೆ. 'ಓಗು' ಅಂದ್ಲು, ಒಂಟೋದ್ಲು. ಅದ್ರ ಮಾರ್ನೆ ದಿನಾನೂ ಬಂದ್ಲು. ಎರ್ಡು ವರ್ಸ ಬಂದ್ಲು. ಮಳೆ ಬರ್ಲಿ, ಚಳಿ ಬರ್ಲಿ. ನಂಗೆ ಆ ಬಾಗ್ಲು ತಟ್ಟೋ ಸದ್ದು ಕೇಳುದ್ರೆ ಸತ್ತೋಗಂಗಾಗದು."

ಆಮೇಲೆ ಅಜ್ಜಿಗೆ ಮಂಡಿ ಹಿಡಿದುಕೊಂಡಿತು. ಒಂದು ದಿನ ಇವರನ್ನೇ ಕರೆಸಿದಳು. "'ನಂಗೆ ನಡ್ಯಾಕಾಗಾಕಿಲ್ಲ ಕಣ್ ಮಗ. ನೀನೇ ಎದ್ದು ತೂಬಿನ ಕಬ್ಣಕ್ಕೆ ಮೂರೇಟು ಬಡಿ. ಕೇಳುಸ್ಕಂಡು ನಾನು ನೆಮ್ದಿಯಾಗಿ ಮಲೀಕತೀನಿ' ಅಂದ್ಲು."

ಅಜ್ಜಿ ಸತ್ತು ಎಷ್ಟೋ ವರ್ಷವಾಗಿತ್ತು. ಏಟು ನಿಂತಿರಲಿಲ್ಲ. ನಾನು ಆವತ್ತಿನಿಂದ ಆ ಸದ್ದಿನ ಬಗ್ಗೆ ಮಾತೆತ್ತಲಿಲ್ಲ.

ಮಾರನೆಯ ವರ್ಷ ಶ್ರಾವಣದಲ್ಲಿ ನಾಲೆ ತುಂಬಿ ಹರಿಯುತ್ತಿತ್ತು. ಒಂದು ದಿನ ಬೆಳಗ್ಗೆ ಸಣ್ಣಗೆ ಸೋನೆ. ಕೊಡೆ ಹಿಡಿದು ಅವರ ಹಿಂದೆ ನಡೆಯುತ್ತಿದ್ದೆ. ಏರಿಯುದ್ದಕ್ಕೂ ನಂಬರು ಕೊರೆದ ಕಲ್ಲುಗಳಿವೆ. ಏಳನೆಯ ಕಲ್ಲಿನ ಹತ್ತಿರ ಅವರು ನಿಂತರು. ನನಗೆ ಮಳೆಯ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಅವರು ಸರಸರ ಏರಿಯ ಹೊರಮೈ ಇಳಿದರು. ಬುಡದಲ್ಲಿ ಹೆಬ್ಬೆರಳು ಗಾತ್ರದ ನೀರು ಚಿಮ್ಮುತ್ತಿತ್ತು. ಬೊಗಸೆ ಒಡ್ಡಿ ಟಾರ್ಚು ಬಿಟ್ಟರು.

ಕೆಂಪು.

ಅವರು ಮೊದಲು ನೋಡಿದ್ದು ನನ್ನನ್ನಲ್ಲ, ಕಾಲೊನಿಯ ಕಡೆ. ಅಲ್ಲಿಂದ ಮೊದಲ ಮನೆಗೆ ಇನ್ನೂರು ಹೆಜ್ಜೆಯೂ ಇಲ್ಲ. ಒಂದೇ ಒಂದು ದೀಪ ಉರಿಯುತ್ತಿರಲಿಲ್ಲ.

ಸೊಂಟದ ಬೀಗದಕೈ ಕಿತ್ತು ನನ್ನ ಕೈಗೆ ತುರುಕಿದರು. "ಹಳ್ಳದ ಗೇಟಿಗೆ ಓಡಿ. ಬೀಗ ತಗ್ದು ಚಕ್ರ ಎಡಕ್ಕೆ ತಿರ್ಗ್ಸಿ. ನೀರೆಲ್ಲ ಹಳ್ಳಕ್ಕೆ ಬೀಳ್ತದೆ, ಇಲ್ಲಿ ಭಾರ ಇಳೀತದೆ."

"ನನ್ನ ಕೈಲಿ ಆಗುತ್ತಾ ಅಣ್ಣ?"

"ಆಗ್ದೆ ಇದ್ರೂ ತಿರ್ಗ್ಸಿ."

ಕೊಡೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಕೆಸರಿನಲ್ಲಿ ಎರಡು ಸಲ ಜಾರಿ ಬಿದ್ದೆ. ಓಡುತ್ತಲೇ, ಅವರು ಕೂಗಿ ಹೇಳಿದ, ನೀರಾವರಿ ಇಲಾಖೆಯ ಸಾಹೇಬರ ನಂಬರಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ನನ್ನ ಫೋನಿನಲ್ಲಿದ್ದ ಉಳಿದ ನಂಬರುಗಳೆಲ್ಲ ಮದ್ದೂರಿನವು, ಮಂಡ್ಯದವು. ಕೂಗಳತೆಯಲ್ಲಿದ್ದ ಒಬ್ಬರದೂ ನನ್ನ ಬಳಿ ಇರಲಿಲ್ಲ.

ಗೇಟಿನ ಬೀಗಕ್ಕೆ ಬೀಗದಕೈ ಹೋಗುತ್ತಿರಲಿಲ್ಲ, ತಲೆಕೆಳಗಾಗಿ ಹಿಡಿದಿದ್ದೆ. ಫೋನನ್ನು ಬಾಯಲ್ಲಿ ಕಚ್ಚಿ ಬೆಳಕು ಮಾಡಿಕೊಂಡು ತೆಗೆದೆ. ಚಕ್ರಕ್ಕೆ ಎರಡೂ ಕೈ ಹಾಕಿ ಜೋತುಬಿದ್ದೆ. ಅಲುಗಲಿಲ್ಲ. ಇನ್ನೊಮ್ಮೆ. ಕಿರ್ ಅಂತ ಒಂದಂಗುಲ ಬಂತು, ಆಮೇಲೆ ತಿರುಗತೊಡಗಿತು. ಆ ನಾಲೆಯ ಎಷ್ಟೋ ಗೇಟುಗಳು ತುಕ್ಕು ಹಿಡಿದು ಕಲ್ಲಾಗಿವೆ. ಇದಕ್ಕೆ ಅವರು ಪ್ರತಿ ಶನಿವಾರ ಗ್ರೀಸು ಹಚ್ಚುತ್ತಿದ್ದುದನ್ನು ನಾನೇ ನೋಡಿದ್ದೆ. ಎಷ್ಟು ಸುತ್ತು ತಿರುಗಿಸಿದೆನೋ. ಅಂಗೈ ಚರ್ಮ ಸುಲಿಯಿತು. ಕೊನೆಗೆ ಕಾಲಡಿಯಲ್ಲಿ ಸಿಡಿಲು ಹೊಡೆದಂತೆ ನೀರು ಹಳ್ಳಕ್ಕೆ ಧುಮುಕಿತು.

ವಾಪಸ್ಸು ಓಡಿ ಬಂದಾಗ ಸೌಡಿಯಣ್ಣ ಎದೆಮಟ್ಟ ನಾಲೆಯಲ್ಲಿದ್ದರು. ಏರಿಯ ಒಳಮೈಯಲ್ಲಿ ನೀರು ಸಣ್ಣಗೆ ಸುಳಿ ಸುತ್ತುತ್ತಿದ್ದ ಜಾಗಕ್ಕೆ ಹತ್ತಿರದ ಮೆದೆಯಿಂದ ಕಿತ್ತು ತಂದ ಹುಲ್ಲನ್ನು ತುರುಕಿ, ಅದರ ಮೇಲೆ ಬೆನ್ನು ಕೊಟ್ಟು ನಿಂತಿದ್ದರು. ನೀರು ಹುಲ್ಲನ್ನು ಒಳಗೆ ಎಳೆದುಕೊಳ್ಳುತ್ತಲೇ ಇತ್ತು. ಹೊರಗಡೆ ಬುಡದಲ್ಲಿ ಹೆಬ್ಬೆರಳು ಗಾತ್ರದ್ದು ಈಗ ಮುಷ್ಟಿ ಗಾತ್ರವಾಗಿತ್ತು.

"ಯಾರೂ ಬರಲಿಲ್ವಾ ಅಣ್ಣ?"

"ಐವತ್ತೇಟು ಬಡ್ದೆ ಮೇಡಮ್ಮೋರೆ, ಇಲ್ಲೇ ಪಕ್ಕದಲ್ಲಿರೋ ಸಣ್ಣ ತೂಬಿಗೆ. ದಿನಾ ಕೇಳೋ ಸದ್ದಲ್ವಾ? ಸೌಡಿ ಎದ್ದವ್ನೆ ಅಂದ್ಕಂಡು ಎಲ್ರೂ ಮಗ್ಗುಲು ಬದ್ಲಾಯ್ಸವ್ರೆ." ಅವರ ಹಲ್ಲು ಕಟಕಟ ಅನ್ನುತ್ತಿತ್ತು. "ನಾನು ಇಲ್ಲಿಂದ ಅಲ್ಲಾಡಂಗಿಲ್ಲ. ನೀವೋಗಿ. ಬಾಗ್ಲು ಬಡೀರಿ. ಎಸ್ರಿಡಿದು ಕೂಗಿ."

ಮೊದಲ ಬಾಗಿಲು ಬಡಿದೆ. "ಯಾವಳೇ ಅದು, ಇಷ್ಟೊತ್ಗೆ?" ಅಂತ ಗಂಡಸಿನ ದನಿ ಬಂತು, ಬಾಗಿಲು ತೆರೆಯಲಿಲ್ಲ. ಎರಡನೆಯ ಮನೆಯಲ್ಲಿ ನಾಯಿ ಬೊಗಳಿತು, ಅಷ್ಟೇ. ಎಸ್ರಿಡಿದು ಕೂಗಿ ಅಂದರೆ ಯಾರ ಹೆಸರು? ಆ ಕಾಲೊನಿಯ ದೊಡ್ಡವರ ಹೆಸರು ನನಗೆ ಒಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನ್ನ ಎಂಟನೆಯ ತರಗತಿಯ ಹಾಜರಿ ಪುಸ್ತಕ. ಬೀದಿಯ ನಡುವೆ ನಿಂತು ಹಾಜರಿ ಕೂಗಿದೆ.

"ಅನಿತಾ! ಚಂದನಾ! ದಿವ್ಯಾ! ಪವಿತ್ರಾ! ಎದ್ದೇಳ್ರೋ, ಮನೆಯೋರನ್ನೆಲ್ಲ ಎಬ್ಬಿಸ್ರೋ! ಏರಿ ಒಡೀತಿದೆ!"

ದೊಡ್ಡವರಿಗಿಂತ ಮೊದಲು ಮಕ್ಕಳೇ ಎದ್ದರು. ಮೊದಲು ತೆರೆದದ್ದು ಪವಿತ್ರಳ ಮನೆಯ ಬಾಗಿಲು. ಹಿಂದೆಯೇ ಅವಳ ಅಜ್ಜಿ ಚಿಕ್ಕತಾಯಮ್ಮ ಕೂದಲು ಗಂಟು ಹಾಕಿಕೊಳ್ಳುತ್ತ ಹೊರಗೆ ಬಂದರು. ನನ್ನ ಕೆಸರು ಬಟ್ಟೆ, ರಕ್ತ ಒಸರುವ ಕೈ ನೋಡಿದರು. ಏನೂ ಕೇಳಲಿಲ್ಲ, "ಎಷ್ಟನೇ ಕಲ್ಲು?" ಅಂದರು ಅಷ್ಟೇ.

"ಏಳನೇದು."

ಆಕೆಯ ಗಂಟಲಿಗೆ ಇಡೀ ಕಾಲೊನಿ ಎದ್ದಿತು. "ಲೇ ಸಿದ್ದ, ಹುಲ್ಲು ಹೊರ್ಲಾ! ಚೀಲ ಎಲ್ಲವೆ? ದಿಂಬು, ಕೌದಿ, ಏನ್ ಸಿಗ್ತದೋ ತನ್ರೋ! ಮುದುಕ್ರು ಮಕ್ಳು ಸೇತುವೆ ದಾಟಿ ಇಸ್ಕೂಲಿಗೆ ನಡೀರಿ. ಎಮ್ಮೆ ದನ ಹಗ್ಗ ಬಿಚ್ಚಿ ಬುಡ್ರೋ ಮೊದ್ಲು!" ಮೊದಲ ಮನೆಯಲ್ಲಿ ನನ್ನನ್ನು ಬೈದ ಆ ಗಂಡಸೇ ಎಲ್ಲರಿಗಿಂತ ಮುಂದೆ ಹಾಸಿಗೆ ಹೊತ್ತು ಓಡಿದ.

ಆಮೇಲಿನ ಮುಕ್ಕಾಲು ಗಂಟೆ ಯಾರ ಕೈಯೂ ನಿಲ್ಲಲಿಲ್ಲ. ಮಣ್ಣು, ಚೀಲ, ಹುಲ್ಲು, ಮಣ್ಣು. ನಾಲೆಯ ನೀರು ಅಂಗುಲ ಅಂಗುಲವಾಗಿ ಇಳಿಯಿತು. ಚಿಕ್ಕತಾಯಮ್ಮ ಏರಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಕಂಡಿಯನ್ನೇ ನೋಡುತ್ತಿದ್ದರು. ಮುಷ್ಟಿ ಗಾತ್ರದ್ದು ಹೆಬ್ಬೆರಳಾಯಿತು, ಹೆಬ್ಬೆರಳು ಕಿರುಬೆರಳಾಯಿತು. "ತಿಳಿಯಾಯ್ತು," ಅಂದರು ಆಕೆ. ಇನ್ನೂ ಸ್ವಲ್ಪ ಹೊತ್ತಿಗೆ, "ನಿಂತೋಯ್ತು."

ಸೌಡಿಯಣ್ಣನನ್ನು ನಾಲ್ಕು ಜನ ಹಿಡಿದು ಮೇಲಕ್ಕೆ ಎಳೆದರು. ತುಟಿ ನೀಲಿಯಾಗಿತ್ತು. ಹುಲ್ಲನ್ನು ಹಿಡಿದ ಬೆರಳುಗಳು ಬಿಚ್ಚುತ್ತಲೇ ಇರಲಿಲ್ಲ, ಒಂದೊಂದಾಗಿ ಬಿಡಿಸಬೇಕಾಯಿತು. ಮಾತು ಬಂದ ಕೂಡಲೇ ಅವರು ಕೇಳಿದ್ದು, "ಮಕ್ಳ ಎಣಿಸುದ್ರಾ ಮೇಡಮ್ಮೋರೆ?"

ಎಣಿಸಿರಲಿಲ್ಲ. ಶಾಲೆಗೆ ಓಡಿಹೋಗಿ ಎಣಿಸಿ ಬಂದು ಹೇಳುವವರೆಗೂ ಯಾರೋ ತಂದುಕೊಟ್ಟ ಕಾಫಿಯನ್ನು ಅವರು ಮುಟ್ಟಲಿಲ್ಲ.

ಒಂಬತ್ತು ಗಂಟೆಗೆ ಜೀಪು ಬಂತು. ಸಾಹೇಬರು ಏರಿ ನೋಡಿ, "ಸಣ್ಣ ಲೀಕೇಜು," ಅಂತ ಬರೆದುಕೊಂಡು ಹೋದರು. ಹೇಳದೆ ಗೇಟು ಎತ್ತಿ ನೀರು ಪೋಲು ಮಾಡಿದ್ದಕ್ಕೆ ಸೌಡಿಯಣ್ಣ ಲಿಖಿತ ಉತ್ತರ ಕೊಡಬೇಕಾಯಿತು. ಉತ್ತರ ಬರೆದುಕೊಟ್ಟವಳು ನಾನೇ. ಕೊನೆಗೆ ಸಿಟ್ಟು ತಡೆಯಲಾರದೆ ಎರಡು ಖಾರದ ಸಾಲು ಸೇರಿಸಿದ್ದೆ. ಓದಿಸಿ ಕೇಳಿದ ಅವರು ಅದನ್ನು ಹೊಡೆದುಹಾಕಿಸಿದರು. "ಏನೂ ಆಗಿಲ್ವಲ್ಲ ಬುಡಿ. ಆಗಿದ್ರೆ ಖಾರ ಬರ್ಯವ."

ಪೇಪರಿನಲ್ಲಿ ಒಂದು ಸಾಲೂ ಬರಲಿಲ್ಲ. ಏರಿ ಒಡೆದಿದ್ದರೆ ಮಂತ್ರಿಗಳೇ ಬರುತ್ತಿದ್ದರೋ ಏನೋ.

ಆದರೆ ನಮ್ಮ ಹೆಡ್‌ಮಾಸ್ತರರಿಗೆ ಸುದ್ದಿ ಮುಟ್ಟಿತ್ತು. ಶಾಲೆಯಲ್ಲಿ 'ಬೇಗ ಏಳುವುದರ ಪ್ರಯೋಜನಗಳು' ಅಂತ ಒಂದು ಕಾರ್ಯಕ್ರಮ ಇಟ್ಟರು. ಮಂಡ್ಯದಿಂದ ಬಂದ ಅತಿಥಿಯೊಬ್ಬರು ಮುಕ್ಕಾಲು ಗಂಟೆ ಮಾತಾಡಿದರು. ಬುದ್ಧಿ ಚುರುಕಾಗುತ್ತದೆ, ರೋಗ ಬರುವುದಿಲ್ಲ, ಆಯುಷ್ಯ ಹೆಚ್ಚುತ್ತದೆ ಅಂದರು. ಕೊನೆಗೆ ಸೌಡಿಯಣ್ಣನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಮೈಕು ಕೊಟ್ಟರು. ಮೈಕನ್ನು ಅವರು ಟಾರ್ಚು ಹಿಡಿದಂತೆ ಕೆಳಮುಖವಾಗಿ ಹಿಡಿದಿದ್ದರು. ನಾನು ಹೋಗಿ ಸರಿಮಾಡಿದೆ.

"ಸಾಹೇಬ್ರು ಯೋಳುದ್ದೆಲ್ಲ ದಿಟ ಇರ್ಬೋದು. ಮೂವತ್ತು ವರ್ಸದಿಂದ ನಾಕ್ಗಂಟೆಗೆ ಏಳ್ತಾ ಇವ್ನಿ. ನಂಗಂತೂ ಬುದ್ಧಿ ಬರ್ಲಿಲ್ಲ. ಮಂಡಿ ನೋವು ಬಂತು. ಬೀಪೀನೂ ಬಂತು."

ಮಕ್ಕಳು ಘೊಳ್ಳೆಂದರು. ಹೆಡ್‌ಮಾಸ್ತರರ ಮುಖ ಕೆಂಪಾಯಿತು.

"ಬ್ಯಾಗ ಏಳೋದ್ರಿಂದ ಎದ್ದೋನಿಗೆ ಏನೂ ಸಿಗಾಕಿಲ್ಲ ಕಣ್ರವ್ವ. ಮಲ್ಗಿರೋರ್ಗೆ ಸಿಗ್ತದೆ. ನಿಮ್ಮವ್ವ ನಿಮ್ಗಿಂತ ಮುಂಚೆ ಎದ್ದು ವಲೆ ಹಚ್ತಾಳಲ್ಲ, ಅವ್ಳಿಗೇನ್ ಸಿಕ್ತು? ನಿಮ್ಗೆ ಬಿಸಿ ರೊಟ್ಟಿ ಸಿಕ್ತು. ಮನೇಲೊಬ್ರು, ಊರ್ಗೊಬ್ರು ಎದ್ದಿರ್ಬೇಕು. ಅಷ್ಟೇ." ಮೈಕು ನನ್ನ ಕೈಗೆ ಕೊಟ್ಟು ಕೆಳಗಿಳಿದರು.

ಮೂರು ವರ್ಷದ ಹಿಂದೆ ಅವರು ನಿವೃತ್ತರಾದರು. ಕಾಲೊನಿಯ ಮನೆ ಬಿಡಲು ಮನಸ್ಸಿರಲಿಲ್ಲ. ಬೀಪಿ ಏರಿಳಿಯುತ್ತಿದ್ದುದರಿಂದ ಮಗಳು ಹಟ ಮಾಡಿ ಮಳವಳ್ಳಿಗೆ ಕರೆದುಕೊಂಡು ಹೋದಳು. ಅವರ ಜಾಗಕ್ಕೆ ಇನ್ನೊಬ್ಬರನ್ನು ಹಾಕಲಿಲ್ಲ. ಎರಡು ಮೂರು ಊರಿಗೆ ಸೇರಿ ಒಬ್ಬನೇ ಸೌಡಿ. ಬೈಕಿನಲ್ಲಿ ಬಿಸಿಲೇರಿದ ಮೇಲೆ ಒಮ್ಮೊಮ್ಮೆ ಬಂದು ಹೋಗುತ್ತಿದ್ದ. ಬೆಳಗಿನ ಏಟು ನಿಂತಿತು. ನಾನು ಬೇಗ ಏಳುವುದನ್ನು ಬಿಡಲಿಲ್ಲ, ಎಂ.ಎಸ್ಸಿ. ಮುಗಿಸಿದೆ. ಆದರೆ ಏರಿ ಹತ್ತುವುದನ್ನು ಬಿಟ್ಟೆ. ಒಬ್ಬಳೇ ಹೋಗಲು ಭಯ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅದು ನನ್ನ ಕೆಲಸ ಅಲ್ಲ ಅನ್ನಿಸಿತ್ತು.

ಈ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಸುದ್ದಿ ತಿಳಿದು ಒಂದು ಭಾನುವಾರ ಮಳವಳ್ಳಿಗೆ ಹೋದೆ. ಒಂಬತ್ತು ಗಂಟೆಯಾಗಿತ್ತು. ಮಗಳು ಬಾಗಿಲು ತೆಗೆದು ಮೆಲ್ಲಗೆ, "ಮಲಗಿದ್ದಾರೆ ಮಿಸ್. ಮಾತ್ರೆ ಅಷ್ಟು ಸ್ಟ್ರಾಂಗು," ಅಂದಳು.

ನಮ್ಮ ದನಿಗೆ ಅವರಿಗೆ ಎಚ್ಚರವಾಯಿತು. ನನ್ನನ್ನು ಕಂಡರು. ಕಿಟಕಿಯಲ್ಲಿ ಬಿಸಿಲು ಕಂಡರು. ಏಳಲು ಒದ್ದಾಡಿದರು, ಬಲಗೈ ಬರಲಿಲ್ಲ. ಅವರ ಮುಖದಲ್ಲಿ ಅಂಥ ನಾಚಿಕೆಯನ್ನು ನಾನು ನೋಡಿರಲಿಲ್ಲ.

"ಮೇಡಮ್ಮೋರೆ," ಮಾತು ಒಂದು ಬದಿಗೆ ಎಳೆಯುತ್ತಿತ್ತು. "ಇಷ್ಟೊತ್ಗಂಟ ಮಲ್ಗಿದ್ದೆ ಅಂತ ಊರಲ್ಲಿ ಯೋಳ್ಬೇಡಿ."

"ಹೇಳಲ್ಲ ಅಣ್ಣ."

"ನೀರು ಬುಟ್ಟವ್ರಾ?"

"ಬಿಟ್ಟಿದ್ದಾರೆ. ತುಂಬಾ ಬರ್ತಿದೆ."

"ಏರಿ ಮ್ಯಾಲೆ ಯಾರು ಓಯ್ತಾರೆ?"

ಮಗಳು ನನ್ನನ್ನು ನೋಡಿದಳು. ಕಣ್ಣಲ್ಲೇ ಬೇಡಿಕೊಂಡಳು. ಬಾಯಿಗೆ ಸುಳ್ಳು ತಾನಾಗಿ ಬಂತು. "ಹೊಸಬರನ್ನ ಹಾಕಿದ್ದಾರೆ ಅಣ್ಣ. ನಾಲ್ಕಕ್ಕೇ ಎದ್ದು ಹೋಗ್ತಾರೆ."

"ಎಸ್ರು?"

"ಮಹದೇವ."

"ಯಾವೂರೋನು?"

"ಇಲ್ಲೇ... ಹಲಗೂರು ಕಡೆಯವರು."

ಅವರ ಕಣ್ಣು ನನ್ನ ಮುಖ ಬಿಡಲಿಲ್ಲ. ಪರೀಕ್ಷೆಗೆ ಓದದೆ ಬಂದ ಹುಡುಗಿಯಂತೆ ನಿಂತಿದ್ದೆ.

"ಕಾಲಿಗೇನ್ ಆಕತಾನೆ?"

ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು: ಏರಿ ಹತ್ತಿದ ಕೂಡಲೇ ಅವರು ಚಪ್ಪಲಿ ಬಿಚ್ಚಿ ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ತೇವ ಮೊದಲು ಗೊತ್ತಾಗುವುದು ಅಂಗಾಲಿಗೆ.

"ಬರಿಗಾಲು ಅಣ್ಣ."

ಅವರು ತಲೆಯನ್ನು ದಿಂಬಿಗೆ ಬಿಟ್ಟರು. "ಅಂಗಾರೆ ಸರಿ," ಅಂದರು. ನೋಡನೋಡುತ್ತಿದ್ದಂತೆ ನಿದ್ದೆ ಹೋದರು. ಬಾಗಿಲವರೆಗೆ ಬಂದ ಮಗಳು, "ಒಳ್ಳೇದು ಮಾಡಿದ್ರಿ ಮಿಸ್," ಅಂತ ಕಣ್ಣೊರೆಸಿಕೊಂಡಳು. ಮಳವಳ್ಳಿಯಿಂದ ಮಂಡ್ಯದವರೆಗೆ ಬಸ್ಸಿನಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಹನ್ನೊಂದು ದಿನಕ್ಕೆ ಅವರು ಹೋದರು. ನಿದ್ದೆಯಲ್ಲೇ. ಮಳವಳ್ಳಿಯಲ್ಲೇ ಮಣ್ಣು ಮಾಡಿದರು. ಕಾಲೊನಿಯಿಂದ ಎರಡು ಗಾಡಿ ಜನ ಹೋಗಿದ್ದೆವು. ಎಲ್ಲ ಮುಗಿದು ಹೊರಡುವಾಗ ಮಗಳು ನನ್ನನ್ನು ಪಕ್ಕಕ್ಕೆ ಕರೆದಳು.

"ನೀವು ಬಂದು ಹೋದ ಮೇಲೆ ಅಪ್ಪ ನೆಮ್ಮದಿಯಾಗಿ ನಿದ್ದೆ ಮಾಡ್ದ್ರು ಮಿಸ್. ಮೊನ್ನೆ ಒಂದು ಮಾತು ಹೇಳ್ದ್ರು. ಆ ಮಹದೇವಂಗೆ ಹೇಳಿ ಅಂತ ನಿಮಗೆ ಹೇಳ್ಬೇಕಂತೆ. ಹನ್ನೆರಡನೇ ಕಲ್ಲು ದಾಟಿ, ಹೊಂಗೆ ಮರದ ಬುಡದಲ್ಲಿ ಏಡಿ ಬಿಲ ಜಾಸ್ತಿಯಂತೆ. ನೀರು ತುಂಬಾ ಬಂದಾಗ ಅಲ್ಲಿ ಕೈ ಇಟ್ಟು ನೋಡ್ಲಿ ಅಂದ್ರು."

ಹೂಂ ಅಂದೆ. ಇಲ್ಲದ ಮನುಷ್ಯನಿಗೆ ಕೊಡಬೇಕಾದ ಮಾತನ್ನು ಇಟ್ಟುಕೊಂಡು ಊರಿಗೆ ಬಂದೆ.

ಮರುದಿನ ನಾಲ್ಕಕ್ಕೆ ಎಚ್ಚರವಾಯಿತು. ಭಯ ಇತ್ತು. ಫೋನಿನ ಬೆಳಕು ಹಿಡಿದು ಸೇತುವೆ ದಾಟಿದೆ, ಏರಿ ಹತ್ತಿ ಚಪ್ಪಲಿ ಬಿಚ್ಚಿದೆ. ಮಣ್ಣು ತಣ್ಣಗಿತ್ತು. ಒಂದೊಂದೇ ಕಲ್ಲು ಎಣಿಸುತ್ತ ಹನ್ನೆರಡು ದಾಟಿದೆ. ಹೊಂಗೆ ಮರದ ಹತ್ತಿರ ಹೊರಮೈ ಇಳಿದು, ಹುಲ್ಲು ಸರಿಸಿ, ಅಂಗೈ ಒತ್ತುತ್ತ ಹೋದೆ.

ಎರಡು ಬಿಲಗಳಿದ್ದವು. ಒಂದರ ಬಾಯಿ ಒಣಗಿತ್ತು. ಇನ್ನೊಂದರದು ಒದ್ದೆ.

ಅಲ್ಲೇ ನಿಂತು ಚಿಕ್ಕತಾಯಮ್ಮನಿಗೆ ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. "ಹನ್ನೆರಡನೇ ಕಲ್ಲು ದಾಟಿ, ಹೊಂಗೆ ಮರದ ಹತ್ತಿರ," ಅಂದೆ. ಯಾರು ಅಂತ ಕೇಳಲಿಲ್ಲ, ಯಾಕೆ ಅಂತಲೂ ಕೇಳಲಿಲ್ಲ.

"ಅಲ್ಲೇ ಇರಿ ಮೇಡಮ್ಮೋರೆ," ಅಂದರು. "ಚೀಲ ತತ್ತೀವಿ."